ಮುಚ್ಚಿದ ಶೋಧಕದ ಒಡಲನ್ನು ಅಳೆಯುವುದು ಹೇಗೆ?

ಪ್ರೋಟಾನ್ ಢಿಕ್ಕಿಗಳಿಂದ ಚಿಮ್ಮುವ ಕಣಗಳನ್ನು ಗುರುತಿಸುವ, ಜಿನೀವಾ ಸಮೀಪದ ಸರ್ನ್ ಪ್ರಯೋಗಾಲಯದ ಸಿಎಂಎಸ್ ಶೋಧಕವು ಸುಮಾರು 100 ಮೀಟರ್ ಆಳದ ನೆಲಮಾಳಿಗೆಯಲ್ಲಿದೆ. ಅದು 21 ಮೀಟರ್ ಉದ್ದ, 15 ಮೀಟರ್ ವ್ಯಾಸ ಮತ್ತು ಸುಮಾರು 14,000 ಟನ್ ತೂಕದ ಯಂತ್ರ. ಪ್ರೋಟಾನ್‌ಗಳು ಹಾಯುವ ಕೊಳವೆ, ಅಂದರೆ ಬೀಮ್ ಪೈಪ್, ಇದರ ನಟ್ಟನಡುವೆ ಇದೆ. ಅದನ್ನು ಸುತ್ತುವರಿದು ಸಿಲಿಕಾನ್ ಸಂವೇದಕಗಳ ಪದರಗಳಿವೆ. ಒಮ್ಮೆ ಮುಚ್ಚಿ 3.8 ಟೆಸ್ಲಾ ಬಲದ ಅಯಸ್ಕಾಂತವನ್ನು ಚಾಲೂ ಮಾಡಿದ ಮೇಲೆ ಅಳತೆಪಟ್ಟಿ ಹಿಡಿದು ಒಳಗೆ ಹೋಗುವ ಮಾತೇ ಇಲ್ಲ. ಎಂಜಿನಿಯರುಗಳ ನಕ್ಷೆ ಇದೆಯಲ್ಲ ಎನ್ನಬಹುದು. ಆದರೆ ಭಾಗಗಳು ಎಲ್ಲಿರಬೇಕು ಎಂಬುದನ್ನಷ್ಟೇ ನಕ್ಷೆ ಹೇಳುತ್ತದೆ, ಎಲ್ಲಿ ಕುಳಿತಿವೆ ಎಂಬುದನ್ನಲ್ಲ.

ಸಂವೇದಕಗಳ ಮಟ್ಟಿಗೆ ಸಮಸ್ಯೆ ಸುಲಭ. ಕಣವೊಂದು ಹಾದುಹೋದಾಗ ಅವು ತಾವೇ ಸಂಕೇತ ಕೊಡುತ್ತವೆ. ಲಕ್ಷಾಂತರ ಜಾಡುಗಳನ್ನು ಒಟ್ಟಿಗೆ ಹೊಂದಿಸಿ ನೋಡಿದರೆ, ಯಾವ ಸಂವೇದಕ ತನ್ನ ಜಾಗದಿಂದ ಎಷ್ಟು ಸರಿದಿದೆ ಎಂಬುದು ಹೊರಬೀಳುತ್ತದೆ. 2008ರಲ್ಲಿ, ಪ್ರೋಟಾನ್ ಢಿಕ್ಕಿಗಳು ಆರಂಭವಾಗುವ ಮುನ್ನವೇ, ಆಕಾಶದಿಂದ ಇಳಿಯುವ ಮ್ಯೂಆನ್ ಎಂಬ ಕಣಗಳ ಸುಮಾರು 27 ಕೋಟಿ ಘಟನೆಗಳನ್ನು, ಅಂದರೆ ಅವು ಹಾದುಹೋದ ಸಂದರ್ಭಗಳನ್ನು, ದಾಖಲಿಸಿ ಈ ಹೊಂದಾಣಿಕೆಗೆ ಬಳಸಿಕೊಳ್ಳಲಾಯಿತು. ನಿಜವಾದ ತೊಡಕು ಬಾಯಿಲ್ಲದ ಭಾಗಗಳದ್ದು. ಬೀಮ್ ಪೈಪ್, ಆಧಾರ ಹಳಿಗಳು, ತಂಪುಗೊಳಿಸುವ ಕೊಳವೆಗಳು ಯಾವ ಸಂಕೇತವನ್ನೂ ಕೊಡುವುದಿಲ್ಲ. ಅವುಗಳನ್ನು ಪತ್ತೆಹಚ್ಚಲು, ಬೇರೆ ಸಂಶೋಧಕರು ಕಸವೆಂದು ಬದಿಗೆ ಸರಿಸುವ ಘಟನೆಗಳೇ ಬೇಕು.

ಮೊದಲು ಆ ಘಟನೆಗಳನ್ನು ಆರಿಸಿಕೊಳ್ಳಬೇಕು. ಢಿಕ್ಕಿಯಿಂದ ಹೊರಟ ಪಯಾನ್‌ನಂಥ ಕಣ ದಾರಿಯಲ್ಲಿ ಪೈಪಿನ ಒಂದು ಪರಮಾಣು ಬೀಜಕ್ಕೆ ಬಡಿದರೆ, ಅಲ್ಲಿಂದ ಹಲವು ಹೊಸ ಕಣಗಳು ಚಿಮ್ಮುತ್ತವೆ. ಮೂರು ಅಥವಾ ಹೆಚ್ಚು ಜಾಡುಗಳನ್ನು ಹಿಂದಕ್ಕೆ ಎಳೆದಾಗ ಅವು ಢಿಕ್ಕಿಯ ಕೇಂದ್ರದಿಂದ ದೂರದ ಒಂದೇ ಬಿಂದುವಿನಲ್ಲಿ ಕೂಡಿದರೆ, ಆ ಕವಲು ಬಿಂದುವಿನಲ್ಲಿ ಬಹುಮಟ್ಟಿಗೆ ಏನೋ ವಸ್ತು ಇದೆ ಎಂದು ಅರ್ಥ. ಬೆಳಕಿನ ಕಣಗಳಾದ ಫೋಟಾನ್‌ಗಳಿಂದಲೂ ಇದೇ ಕೆಲಸ ಮಾಡಿಸಬಹುದು: ವಸ್ತುವಿನೊಳಗೆ ಅವು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯಾಗುತ್ತವೆ. ಆದರೆ ಆ ಜೋಡಿ ಹುಟ್ಟುವಾಗ ಬಹುತೇಕ ಒಂದಕ್ಕೊಂದು ಅಂಟಿಕೊಂಡೇ ಸಾಗುವುದರಿಂದ, ಎರಡೂ ಬೇರೆಯಾದ ಬಿಂದುವನ್ನು ನಿಖರವಾಗಿ ಗುರುತಿಸುವುದು ಕಷ್ಟ. ಸ್ಥಾನ ತಿಳಿಯಬೇಕಾದಾಗ ಬೀಜಕ್ಕೆ ಬಡಿದ ಕಣಗಳೇ ಮೇಲು ಎಂಬುದು ನನ್ನ ಎಣಿಕೆ.

ಮುಂದಿನ ಕೆಲಸ ಜರಡಿ ಹಿಡಿಯುವುದು. ತಟಸ್ಥ ಕೇಯಾನ್ ಮತ್ತು ಲ್ಯಾಮ್ಡಾ ಕಣಗಳು ಯಾವ ವಸ್ತುವಿಗೂ ತಾಗದೆ, ಬರಿಯ ನಿರ್ವಾತದಲ್ಲೇ, ಕೆಲವು ಸೆಂಟಿಮೀಟರ್ ಸಾಗಿ ತಾವಾಗಿಯೇ ಒಡೆಯುತ್ತವೆ. ಇವನ್ನು ಹಾಗೇ ಉಳಿಸಿಕೊಂಡರೆ ಖಾಲಿ ಜಾಗದಲ್ಲೂ ಚುಕ್ಕಿಗಳು ಬಿದ್ದು ಚಿತ್ರಕ್ಕೆ ಮಂಜು ಕವಿಯುತ್ತದೆ. ಆದ್ದರಿಂದ ಎರಡೇ ಜಾಡುಗಳುಳ್ಳ ಬಿಂದುಗಳಲ್ಲಿ ಒಡೆದಿರಬಹುದಾದ ಮೂಲ ಕಣದ ದ್ರವ್ಯರಾಶಿಯನ್ನು ಆ ಜಾಡುಗಳಿಂದ ಲೆಕ್ಕಹಾಕಿ, ಅದು ಕೇಯಾನ್‌ನ 498 ಅಥವಾ ಲ್ಯಾಮ್ಡಾದ 1116 ಮೆಗಾ ಎಲೆಕ್ಟ್ರಾನ್‌ವೋಲ್ಟ್‌ಗೆ (ಕಣಗಳ ದ್ರವ್ಯರಾಶಿಯನ್ನು ಅಳೆಯುವ ಮಾನ) ಹತ್ತಿರವಿದ್ದರೆ ಕೈಬಿಡಬೇಕು.

ಉಳಿದ ಬಿಂದುಗಳನ್ನು ಅಡ್ಡಕೊಯ್ತದ ಹಾಳೆಯ ಮೇಲೆ ಚುಕ್ಕಿಗಳಾಗಿ ಇಡುತ್ತಾ ಹೋಗಿ. ಸಾವಿರ ಚುಕ್ಕಿಗಳಲ್ಲಿ ಏನೂ ಕಾಣುವುದಿಲ್ಲ. ಲಕ್ಷಗಳಾದಾಗ ಪೈಪಿನ ಉಂಗುರ, ಪಿಕ್ಸೆಲ್ ಪದರಗಳ (ಪೈಪಿಗೆ ಹತ್ತಿರದ ಸಿಲಿಕಾನ್ ಸಂವೇದಕಗಳ) ಸಾಲು, ಹಳಿಗಳ ಗಂಟು ಒಂದೊಂದಾಗಿ ಮೂಡುತ್ತವೆ. 2015ರ ದತ್ತಾಂಶದಿಂದ ಸಿಎಂಎಸ್ ತಂಡ ಇಂಥ ಲಕ್ಷಾಂತರ ಬಿಂದುಗಳನ್ನು ಕಲೆಹಾಕಿತ್ತು. ಇಲ್ಲೊಂದು ಎಚ್ಚರಿಕೆ: ಕೇಂದ್ರದಿಂದ ದೂರವಾದಷ್ಟೂ ಕಣಗಳು ಚದುರುತ್ತವೆ, ಹೊರಗಿನ ಬಿಂದುಗಳಿಂದ ಹೊರಟ ಜಾಡುಗಳಿಗೆ ಸಿಗುವ ಪದರಗಳೂ ಕಡಿಮೆ. ಹೀಗಾಗಿ ಹೊರಗಿನ ಉಂಗುರ ತೆಳುವಾಗಿ ಕಂಡರೆ ಅಲ್ಲಿ ವಸ್ತು ಕಡಿಮೆ ಎಂದು ತೀರ್ಮಾನಿಸಬಾರದು. ದೂರ ಮತ್ತು ಪತ್ತೆಯ ಸಾಮರ್ಥ್ಯ ಎರಡಕ್ಕೂ ತಿದ್ದುಪಡಿ ಮಾಡಿದ ಮೇಲಷ್ಟೇ ಸಾಂದ್ರತೆಯ ಮಾತು.

ನನಗೆ ಬಹಳ ಇಷ್ಟವಾದದ್ದು ಇದರ ನಂತರದ ಹಂತ. ಪೈಪಿಗೆ ಸೇರಿದ ಚುಕ್ಕಿಗಳನ್ನಷ್ಟೇ ಆರಿಸಿ, ಅಡ್ಡ ಅಕ್ಷದಲ್ಲಿ ಕೋನವನ್ನೂ ಲಂಬ ಅಕ್ಷದಲ್ಲಿ ಶೋಧಕದ ಮಧ್ಯರೇಖೆಯಿಂದ ಇರುವ ದೂರವನ್ನೂ ಗುರುತಿಸಿ. ಪೈಪು ಸರಿಯಾಗಿ ನಡುವೆ ಇದ್ದರೆ ಅಡ್ಡಕ್ಕೆ ನೇರ ಗೆರೆ ಬರುತ್ತದೆ. ಅದು 2 ಮಿಲಿಮೀಟರ್ ಬಲಕ್ಕೆ ಸರಿದಿದೆ ಎಂದಿಟ್ಟುಕೊಳ್ಳಿ: 22 ಮಿಲಿಮೀಟರ್ ಇರಬೇಕಾದ ದೂರ ಬಲಗಡೆ 24, ಎಡಗಡೆ 20 ಆಗಿ, ಗೆರೆ ಮೆಲ್ಲನೆ ಏರಿಳಿಯುವ ಅಲೆಯಾಗುತ್ತದೆ. ನಡುಮಟ್ಟದಿಂದ ಅಲೆಯ ಎತ್ತರವೇ ಸರಿತದ ಪ್ರಮಾಣ, ಶಿಖರವಿರುವ ಕೋನವೇ ಅದರ ದಿಕ್ಕು. ಒಂದೊಂದು ಬಿಂದುವಿನ ಅಳತೆ ಒರಟಾಗಿದ್ದರೂ, ಲಕ್ಷಾಂತರ ಬಿಂದುಗಳಿಗೆ ವೃತ್ತ ಹೊಂದಿಸಿದಾಗ ಕೇಂದ್ರವು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ನಿಖರತೆಯಲ್ಲಿ ಸಿಗುತ್ತದೆ. ಪೈಪಿನ ಬೆರಿಲಿಯಂ ಗೋಡೆಯ ದಪ್ಪವೇ 0.8 ಮಿಲಿಮೀಟರ್ ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ.

ಕೊನೆಗೆ ಈ ಅಳತೆಗಳನ್ನು ಗಣಕದಲ್ಲಿರುವ ಮಾದರಿ ಶೋಧಕಕ್ಕೆ ತುಂಬಿ, ಅದರಿಂದ ಬಂದ ಚಿತ್ರವನ್ನು ನೈಜ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಮಾದರಿಯಲ್ಲಿ ಒಂದು ಕೊಳವೆ ಬಿಟ್ಟುಹೋಗಿದ್ದರೂ, ಎಲೆಕ್ಟ್ರಾನ್‌ಗಳು ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿಯ ಲೆಕ್ಕ ತಪ್ಪುತ್ತದೆ. 2017ರಲ್ಲಿ ಕೂರಿಸಿದ ಹೊಸ ಪಿಕ್ಸೆಲ್ ಶೋಧಕದ ಒಳಪದರ ಮಧ್ಯರೇಖೆಯಿಂದ ಸುಮಾರು 29 ಮಿಲಿಮೀಟರ್ ದೂರದಲ್ಲಿದೆ. ಪೈಪಿನ ಹೊರಮೈ ಇರುವುದು 22.5ರಲ್ಲಿ. ನಡುವೆ ಉಳಿಯುವ ಆರೂವರೆ ಮಿಲಿಮೀಟರಿನಲ್ಲಿ ಪೈಪು ಯಾವ ಕಡೆಗೆ ವಾಲಿದೆ ಎಂಬುದು ಜೋಡಿಸುವವರಿಗೆ ಮೊದಲೇ ಗೊತ್ತಿರಬೇಕು. ಜೋಡಣೆ ಮುಗಿದ ಮೇಲೆ ಹಳೆಯ ಚಿತ್ರ ಕೆಲಸಕ್ಕೆ ಬಾರದು. ಮೊದಲ ಚುಕ್ಕಿಯಿಂದ ಮತ್ತೆ ಆರಂಭಿಸಬೇಕು.