ನಿಂತ ಕಾರಿನ ಬ್ರೇಕ್ ಜ್ಯಾಮ್ ಆದರೆ

ತಿಂಗಳುಗಟ್ಟಲೆ ನಿಂತಿದ್ದ ಕಾರು ಸ್ಟಾರ್ಟ್ ಆಗುತ್ತದೆ, ಗೇರ್ ಹಾಕಿದರೆ ಜಗ್ಗುವುದಿಲ್ಲ. ಆಗ ಎಲ್ಲರೂ ಆಕ್ಸಿಲರೇಟರ್ ತುಳಿದು ಹಿಂದೆ ಮುಂದೆ ಎಳೆದಾಡುತ್ತಾರೆ. ಹೀಗೆ ಎಳೆದು ಬ್ರೇಕ್ ಶೂ ಮೇಲಿನ ಲೈನಿಂಗ್ (ಉಜ್ಜುವ ಪದರ) ಕಿತ್ತು ಡ್ರಮ್ಮಿಗೇ ಅಂಟಿ ಉಳಿದದ್ದನ್ನು ನಾನೇ ನೋಡಿದ್ದೇನೆ.

ಸಮನಾದ ನೆಲ, ಉಳಿದ ಚಕ್ರಗಳಿಗೆ ಅಡ್ಡಕಲ್ಲು, ಜಾಕ್ ಜೊತೆಗೆ ಸ್ಟ್ಯಾಂಡ್. ಹ್ಯಾಂಡ್‌ಬ್ರೇಕ್ ಇಳಿಸಿ ಚಕ್ರ ಬಿಚ್ಚಿ.

ಡ್ರಮ್ ಬ್ರೇಕ್ ಆದರೆ ಅಂಚಿನ ಸುತ್ತ ಸುತ್ತಿಗೆಯಿಂದ ಹದವಾಗಿ ತಟ್ಟಿ. ಕೆಲವು ಡ್ರಮ್ಮುಗಳಲ್ಲಿ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಅಲ್ಲಿ ಬೋಲ್ಟ್ ಹಾಕಿ ಸಮನಾಗಿ ತಿರುಗಿಸಿದರೆ ಡ್ರಮ್ ತಾನೇ ಹೊರಬರುತ್ತದೆ. ಒಳಗಿನ ಧೂಳನ್ನು ಊದಬೇಡಿ.

ತಲೆನೋವು ಡಿಸ್ಕ್ ಬ್ರೇಕಿನದು. ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆ, ಬಿಚ್ಚುವ ಮುಂಚೆ ಅದರ ಮೇಲಿನ ಬ್ಲೀಡರ್ ನಿಪ್ಪಲನ್ನು (ಗಾಳಿ ತೆಗೆಯುವ ಸ್ಕ್ರೂ) ಸ್ವಲ್ಪ ಸಡಿಲಿಸಿ ನೋಡಿ. ಬ್ರೇಕ್ ಆಯಿಲ್ ಚಿಮ್ಮಿ ಡಿಸ್ಕ್ ತಿರುಗತೊಡಗಿದರೆ ಒತ್ತಡ ಒಳಗೇ ಉಳಿದಿದೆ ಎಂದರ್ಥ. ಹೆಚ್ಚಾಗಿ ರಬ್ಬರ್ ಹೋಸ್ ಒಳಗೆ ಊದಿಕೊಂಡಿರುತ್ತದೆ, ಕ್ಯಾಲಿಪರ್ ಬೈದು ಪ್ರಯೋಜನವಿಲ್ಲ. ಪೇಂಟ್ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ಡಿಸ್ಕ್ ತಿರುಗದಿದ್ದರೆ ನಿಪ್ಪಲ್ ಬಿಗಿ ಮಾಡಿ, ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಕಟ್ಟಿ. ಹೋಸಿಗೆ ನೇತುಬಿಡಬೇಡಿ. ಕ್ಯಾಲಿಪರ್ ಜಾರಲು ಇರುವ ಗೈಡ್ ಪಿನ್ ಕೈಯಲ್ಲೇ ಜಾರಬೇಕು. ಜಾರದಿದ್ದರೆ ತಿರುಗಿಸುತ್ತಾ ಎಳೆಯಿರಿ.

ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಡಿದಿದ್ದರೆ ಜನ ಕ್ಲ್ಯಾಂಪ್ ಹಾಕಿ ಒಳಕ್ಕೆ ಒತ್ತುತ್ತಾರೆ. ಅದು ತಿರುಗಾಮುರುಗಾ. ತುಕ್ಕು ಇರುವುದು ಹೊರಗಿನ ಅಂಚಿನಲ್ಲಿ, ಒತ್ತಿದರೆ ಸೀಲ್ ಹರಿಯುತ್ತದೆ. ಮೊದಲು ಹೊರಕ್ಕೆ ತನ್ನಿ. ಕ್ಯಾಲಿಪರ್ ಬಾಯಲ್ಲಿ ಮರದ ತುಂಡು ಇಟ್ಟು, ಇನ್ನೊಬ್ಬರಿಂದ ಪೆಡಲ್ ನಿಧಾನಕ್ಕೆ ಒತ್ತಿಸಿ. ಕೆಲವು ಮಿಲಿಮೀಟರ್ ಬಂದರೆ ಸಾಕು. ಕೈ ದೂರ ಇರಲಿ. ಅಂಚನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಗುಳಿ ಬಿದ್ದಿದ್ದರೆ ಮರಳು ಕಾಗದ ತಿಕ್ಕಬೇಡಿ, ಪಿಸ್ಟನ್ ಬದಲಿಸಿ. ಸರಿಯಿದ್ದರೆ ನಿಪ್ಪಲಿಗೆ ಪೈಪ್ ಹಾಕಿ, ಸಡಿಲಿಸಿ, ಆಗ ಒಳಕ್ಕೆ ಒತ್ತಿ. ಹೀಗೆ ಮಾಡಿದರೆ ಹಳೆಯ ಕೊಳೆ ಹಿಂದಕ್ಕೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡೆ ಹೋಗುವುದಿಲ್ಲ. ಹ್ಯಾಂಡ್‌ಬ್ರೇಕ್ ಸೇರಿಸಿದ ಹಿಂದಿನ ಕ್ಯಾಲಿಪರ್ ಆದರೆ ಸಾಮಾನ್ಯವಾಗಿ ತಿರುಗಿಸಿಯೇ ಒಳಹಾಕಬೇಕು, ಕ್ಲ್ಯಾಂಪ್ ಹಾಕಿದರೆ ಕೆಡುತ್ತದೆ.

ಎಲ್ಲಕ್ಕೂ ಒಂದೇ ಸ್ಪ್ರೇ ಅನ್ನೋ ಡಬ್ಬಿ ಇಲ್ಲಿ ಬೇಡ. ಪ್ಯಾಡ್ ಜಿಡ್ಡಾಗುತ್ತದೆ, ರಬ್ಬರ್ ಊದುತ್ತದೆ. ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಸ್ವಲ್ಪವೇ.

ಜೋಡಿಸಿ, ಬ್ರೇಕ್ ಲೈನಿನ ಗಾಳಿ ತೆಗೆದು, ಹೊಸ ಬ್ರೇಕ್ ಆಯಿಲ್ ತುಂಬಿ. ಪೆಡಲ್ ಗಟ್ಟಿಯಾಗುವವರೆಗೆ ಒತ್ತದೆ ಗಾಡಿ ಕದಲಿಸಬೇಡಿ. ಐದು ನಿಮಿಷ ನಿಧಾನಕ್ಕೆ ಓಡಿಸಿ, ರಿಮ್ ಹತ್ತಿರ ಕೈ ಹಿಡಿದು ನೋಡಿ. ಒಂದೇ ಚಕ್ರ ಜಾಸ್ತಿ ಬಿಸಿಯಾಗಿದ್ದರೆ ಅಲ್ಲಿ ಇನ್ನೂ ಏನೋ ಹಿಡಿದಿದೆ.