ಮಿಯಾಟಾದ ಹಿಂದಿನ ಕಿಟಕಿ ನಾನೇ ಬದಲಿಸಿದ್ದು

ಮಜ್ದಾ ಎಂಎಕ್ಸ್-5, ಅಂದರೆ ಮಿಯಾಟಾ, ಚಾವಣಿ ಮಡಚಿ ಇಳಿಸಬಹುದಾದ ಎರಡು ಸೀಟಿನ ಕಾರು. ಅದು ಮೊದಲು ಕಾಣಿಸಿಕೊಂಡಿದ್ದು 1989ರಲ್ಲಿ. 1997ರವರೆಗೆ ಬಂದ ಮೊದಲ ತಲೆಮಾರಿನ ಕಾರುಗಳಲ್ಲಿ ಬಟ್ಟೆಯ ಚಾವಣಿಗೆ ಹಿಂದಿನ ಕಿಟಕಿಯಾಗಿ ಗಾಜು ಇರಲಿಲ್ಲ. ಮೆದುವಾದ ವಿನೈಲ್ ಹಾಳೆ ಇತ್ತು, ಸುತ್ತ ಜಿಪ್. ನಾನು ಕೊಂಡ ಕಾರಿನಲ್ಲಿ ಆ ಹಾಳೆ ಹಳದಿಯಾಗಿ, ಮಡಿಕೆ ಬೀಳುವ ಜಾಗದಲ್ಲಿ ಸೀಳು ಬಿಟ್ಟಿತ್ತು. ಹಗಲಲ್ಲಿ ಹೇಗೋ ನಡೆಯುತ್ತಿತ್ತು. ರಾತ್ರಿ ಹಿಂದೆ ವಾಹನ ಬಂದರೆ ಕನ್ನಡಿಯಲ್ಲಿ ಬರೀ ಬೆಳಕಿನ ಮುದ್ದೆ ಕಾಣುತ್ತಿತ್ತು. ಅದು ಎಷ್ಟು ದೂರದಲ್ಲಿದೆ, ಕಾರೋ ಲಾರಿಯೋ, ಏನೂ ಗೊತ್ತಾಗುತ್ತಿರಲಿಲ್ಲ.

ಪಾಲಿಶ್ ಹಚ್ಚಿ ಉಜ್ಜಿ ನೋಡಿದೆ. ಮೇಲಿನ ಸಣ್ಣ ಗೀರುಗಳು ಹೋದವು, ಹಳದಿ ಹೋಗಲಿಲ್ಲ. ಹೋಗುವುದೂ ಇಲ್ಲ. ವಿನೈಲ್ ಅಂದರೆ ಪಿವಿಸಿ. ಅದು ತಾನಾಗಿ ಗಟ್ಟಿ ವಸ್ತು. ಬಾಗಲಿ ಎಂದು ಅದಕ್ಕೆ ಪ್ಲಾಸ್ಟಿಸೈಸರ್ ಎನ್ನುವ ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ವರ್ಷಗಳು ಕಳೆದಂತೆ, ಬಿಸಿಲು ಬಿದ್ದಂತೆ, ಅದು ನಿಧಾನವಾಗಿ ಹೊರಗೆ ಹೋಗುತ್ತದೆ. ಹಾಳೆ ಗಟ್ಟಿಯಾಗುತ್ತದೆ, ಸ್ವಲ್ಪ ಕುಗ್ಗುತ್ತದೆ. ಬಿಸಿಲಿನ ನೇರಳಾತೀತ ಕಿರಣ ಪಿವಿಸಿಯನ್ನೇ ಮುರಿಯುತ್ತಾ ಹೋಗುವುದರಿಂದ ಹಳದಿ ಬಣ್ಣ ಒಳಗೇ ಕೂತುಬಿಡುತ್ತದೆ. ಪಾಲಿಶ್ ಅಷ್ಟು ಆಳಕ್ಕೆ ಹೋಗುವುದು ಹೇಗೆ?

ನನ್ನ ಮುಂದೆ ಮೂರು ದಾರಿ ಇದ್ದವು. ಒಂದು, ಗಾಜಿನ ಕಿಟಕಿ ಇರುವ ಹೊಸ ಟಾಪ್, ಅಂದರೆ ಬಟ್ಟೆಯ ಚಾವಣಿ. 1998ರ ಎರಡನೇ ತಲೆಮಾರಿಗೆ ಮಜ್ದಾ ಗಾಜನ್ನೇ ಕೊಟ್ಟಿತು, ಮಂಜು ಕರಗಿಸುವ ತಂತಿಯ ಸಮೇತ. ಆ ಟಾಪ್ ಹಳೆಯ ಕಾರಿಗೂ ಕೂರುತ್ತದೆ. ಗಾಜಿಗೆ ಸುಲಭಕ್ಕೆ ಗೀರು ಬೀಳುವುದಿಲ್ಲ, ಹಳದಿಯಾಗುವುದಿಲ್ಲ. ಎರಡು, ಪ್ಲಾಸ್ಟಿಕ್ ಕಿಟಕಿಯದೇ ಪೂರ್ತಿ ಹೊಸ ಟಾಪ್. ಮೂರು, ಇರುವ ಟಾಪಿನಲ್ಲಿ ಕಿಟಕಿಯ ಹಾಳೆ ಮಾತ್ರ ಬದಲಿಸುವುದು.

ಬಟ್ಟೆ ಹರಿದಿದ್ದರೆ ನಾನು ಯೋಚನೆ ಮಾಡದೆ ಗಾಜಿನ ಟಾಪ್ ಹಾಕುತ್ತಿದ್ದೆ. ಆದರೆ ನನ್ನ ಟಾಪ್ ಹಿಂದಿನ ಮಾಲೀಕರು ಹಾಕಿಸಿದ್ದು, ಬಟ್ಟೆ ಗಟ್ಟಿಯಾಗಿಯೇ ಇತ್ತು. ಇನ್ನೊಂದು ಆಸೆಯೂ ಇತ್ತು. ಜಿಪ್ ಇರುವ ಕಿಟಕಿಯನ್ನು ಟಾಪ್ ಏರಿಸಿಕೊಂಡೇ ಬಿಚ್ಚಿ ಮಲಗಿಸಬಹುದು. ಬಿಸಿಲಿಗೆ ನೆರಳು, ಹಿಂದಿನಿಂದ ಗಾಳಿ. ಈ ಸುಖ ಮಜ್ದಾದ ಆ ಗಾಜಿನ ಟಾಪಿನಲ್ಲಿ ಸಿಗುವುದಿಲ್ಲ. ಹಾಗಾಗಿ ಮೂರನೇ ದಾರಿ ಹಿಡಿದೆ.

ಜಿಪ್ ಸಮೇತ ಸಿದ್ಧ ಕಿಟಕಿ ಪ್ಯಾನಲ್ ಕೊಂಡರೆ ಕೆಲಸ ಸುಲಭ ಅಲ್ವಾ ಎಂದು ನೀವು ಕೇಳಬಹುದು. ಸುಲಭವೇ, ಜಿಪ್ ಹೊಂದಿದರೆ. ಜಿಪ್ಪಿನ ಅರ್ಧ ಟಾಪಿನಲ್ಲಿದೆ, ಇನ್ನರ್ಧ ಪ್ಯಾನಲ್‌ನಲ್ಲಿದೆ. ಎರಡರ ಹಲ್ಲಿನ ಅಳತೆ ಒಂದೇ ಆಗಿರಬೇಕು. ತಯಾರಕರು ಬೇರೆಯಾದರೆ ಅದು ಹೊಂದದೆ ಹೋಗಬಹುದು. ಆಗ ಟಾಪಿನ ಕಡೆಯ ಜಿಪ್ಪನ್ನೂ ಬಿಚ್ಚಿ ಹೊಲಿಯಬೇಕು. ನನ್ನ ಜಿಪ್ ಎರಡೂ ಕಡೆ ಚೆನ್ನಾಗಿತ್ತು. ಅದನ್ನು ಮುಟ್ಟದೆ ನಡುವಿನ ಹಾಳೆ ಬದಲಿಸುವುದೇ ಜಾಣತನ ಅನ್ನಿಸಿತು. ಕೆಲವು ಕಿಟಕಿಗಳಲ್ಲಿ ಹಾಳೆಯನ್ನು ಅಂಚಿಗೆ ಬಿಸಿ ಮಾಡಿ ಬೆಸೆದಿರುತ್ತಾರೆ. ನನ್ನದು ಹೊಲಿದದ್ದು.

ಹಾಳೆ ಆರಿಸುವಾಗ ಎರಡು ವಿಷಯ ನೋಡಿದೆ. ಒಂದು ದಪ್ಪ. ಈ ಕೆಲಸಕ್ಕೆ 30 ಗೇಜ್, 40 ಗೇಜ್ ಎಂದು ಹಾಳೆ ಬರುತ್ತದೆ. 30 ಅಂದರೆ ಸುಮಾರು 0.75 ಮಿಲಿಮೀಟರ್, 40 ಅಂದರೆ ಸುಮಾರು 1 ಮಿಲಿಮೀಟರ್. ದಪ್ಪ ಇದ್ದಷ್ಟೂ ಹಾಳೆ ಬಿಗಿಯಾಗಿ ನಿಲ್ಲುತ್ತದೆ, ಆದರೆ ಮಡಚಲು ಹಟ ಮಾಡುತ್ತದೆ. ಮತ್ತೆ ಮತ್ತೆ ಮಲಗಿಸುವ ಕಿಟಕಿಗೆ 30 ಸಾಕು ಅಂದುಕೊಂಡೆ. ಇನ್ನೊಂದು, ಹಾಳೆ ತಯಾರಾದ ರೀತಿ. ಅಗ್ಗದ್ದನ್ನು ರೋಲರ್‌ಗಳ ನಡುವೆ ಹಾಯಿಸಿ ತೆಗೆದಿರುತ್ತಾರೆ. ಅದರಲ್ಲಿ ನೋಡಿದರೆ ಹಿಂದಿನ ರಸ್ತೆ ಅಲೆಅಲೆಯಾಗಿ ಕಾಣುತ್ತದೆ. ಉಕ್ಕಿನ ನಯವಾದ ಫಲಕಗಳ ನಡುವೆ ಒತ್ತಿ ಮಾಡಿದ ಹಾಳೆಯಲ್ಲಿ ಆ ಅಲೆ ಇರುವುದಿಲ್ಲ. ದೋಣಿಗಳ ಪರದೆ, ಕಿಟಕಿಗೆ ಬಳಸುವುದು ಇಂಥದ್ದನ್ನೇ. ದಪ್ಪದಲ್ಲಿ ಬೇಕಾದರೆ ರಾಜಿ ಮಾಡಿಕೊಳ್ಳಿ, ಇದರಲ್ಲಿ ಬೇಡ. ಸುರುಳಿ ಸುತ್ತಿ ಬಂದ ಹಾಳೆಯನ್ನು ಕೆಲಸಕ್ಕೆ ಮುಂಚಿನ ದಿನವೇ ಬಿಚ್ಚಿ ನೆಲಕ್ಕೆ ಹಾಸಿಟ್ಟರೆ ಸುರುಳಿಯ ಹಟ ಇಳಿಯುತ್ತದೆ.

ದಾರ ಪಾಲಿಯೆಸ್ಟರ್‌ನದೇ ಬೇಕು, ಹೊರಗಿನ ಬಿಸಿಲಿಗೆಂದೇ ಮಾಡಿದ್ದು. ನೈಲಾನ್ ಗಟ್ಟಿ ಅನ್ನಿಸುತ್ತದೆ, ಆದರೆ ಬಿಸಿಲಿಗೆ ಬೇಗ ಸೋಲುತ್ತದೆ. ಮಷೀನ್ ವಿಷಯಕ್ಕೆ ಬಂದರೆ, ಬಟ್ಟೆ ಹೊಲಿಯುವ ಮನೆಯ ಮಷೀನ್ ಮೇಲೆ ಇಷ್ಟು ಪದರ ಹೇರುವುದು ಬೇಡ ಅನ್ನಿಸಿತು. ಬ್ಯಾಗ್ ಹೊಲಿಯುವ ಗೆಳೆಯರೊಬ್ಬರ ವಾಕಿಂಗ್ ಫುಟ್ ಮಷೀನ್ ಕೇಳಿ ತಂದೆ. ಇದರಲ್ಲಿ ಕೆಳಗಿನ ಹಲ್ಲಿನ ಜೊತೆ ಮೇಲಿನ ಪಾದವೂ ಬಟ್ಟೆಯನ್ನು ಮುಂದೆ ತಳ್ಳುತ್ತದೆ. ಹಾಗಾಗಿ ಪದರಗಳು ಒಂದರ ಮೇಲೊಂದು ಜಾರುವುದಿಲ್ಲ.

ಇನ್ನು ಬಿಚ್ಚುವ ಕೆಲಸ. ಟಾಪ್ ಏರಿಸಿ, ಮುಂದಿನ ಲ್ಯಾಚ್ ಹಾಕಿ, ಕಿಟಕಿ ಬಿಗಿಯಾಗಿರುವಾಗಲೇ ಗುರುತು ಹಾಕಿದೆ. ಮಾಸ್ಕಿಂಗ್ ಟೇಪನ್ನು ಜಿಪ್ಪಿನ ಎರಡೂ ಬದಿಗೆ ಎದುರುಬದುರು ಅಂಟಿಸಿ, ಪೆನ್ನಿನಿಂದ ಗೆರೆ ಎಳೆದೆ. ನಡುಮಧ್ಯ, ಎರಡು ಮೂಲೆ, ಕೆಳಗಿನ ಅಂಚು. ಫೋಟೋ ಬೇರೆ. ಆಮೇಲೆ ಮುಂದಿನ ಲ್ಯಾಚ್ ಬಿಚ್ಚಿ ಟಾಪನ್ನು ಸ್ವಲ್ಪ ಸಡಿಲ ಮಾಡಿದೆ. ಎಳೆತ ಇರುವಾಗ ಜಿಪ್ ಎಳೆದರೆ ಹಲ್ಲು ಕಿತ್ತು ಬರುತ್ತದೆ.

ಪ್ಯಾನಲ್‌ನ ಕೆಳಗಿನ ಅಂಚು ಸೀಟಿನ ಹಿಂದೆ, ಕಾರ್ಪೆಟ್ ಅಡಿಯಲ್ಲಿದೆ. ಕಾರ್ಪೆಟ್ಟಿನ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ನಿಧಾನವಾಗಿ ಎಬ್ಬಿಸಿ ತೆಗೆದರೆ ಲೋಹದ ಪಟ್ಟಿ ಕಾಣುತ್ತದೆ. ಅದನ್ನು ಹಿಡಿದಿರುವುದು 10 ಎಂಎಂ ನಟ್‌ಗಳು. ಬೋಲ್ಟ್ ಉದ್ದ ಚಾಚಿಕೊಂಡಿರುವುದರಿಂದ ಆಳವಾದ ಸಾಕೆಟ್ ಇದ್ದರೆ ಒಳ್ಳೆಯದು. ತುಕ್ಕು ಕಂಡ ಕಡೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ಅವಸರಕ್ಕೆ ತಿರುಚಿದರೆ ಬೋಲ್ಟೇ ಮುರಿದು, ಒಂದು ಗಂಟೆಯ ಕೆಲಸ ಒಂದು ವಾರದ್ದಾಗುತ್ತದೆ.

ಪಟ್ಟಿಯ ಕೆಳಗೆ ರೇನ್ ರೇಲ್ ಎನ್ನುವ ಪ್ಲಾಸ್ಟಿಕ್ ದೋಣಿ ಇದೆ. ಟಾಪಿನಿಂದ ಇಳಿದ ನೀರನ್ನು ಹಿಡಿದು ಎರಡೂ ಪಕ್ಕದ ಡ್ರೈನ್ ತೂತಿಗೆ ಬಿಡುವುದು ಅದರ ಕೆಲಸ. ಹಳೆಯ ಕಾರಿನಲ್ಲಿ ಅದು ಗಟ್ಟಿಯಾಗಿ ಚೂರಾಗಲು ಕಾಯುತ್ತಿರುತ್ತದೆ. ಬಿರುಕು ಇದ್ದರೆ ಈಗಲೇ ಬದಲಿಸಿ, ಮತ್ತೆ ಇಷ್ಟು ಬಿಚ್ಚುವುದು ಯಾರಿಗೆ ಬೇಕು. ಡ್ರೈನ್ ತೂತು ಸೀಟ್ ಬೆಲ್ಟ್ ಕಂಬದ ಹತ್ತಿರ ಇದೆ. ನನ್ನ ಕಾರಿನಲ್ಲಿ ಕೊಳೆತ ಎಲೆಯ ಕೆಸರು ತುಂಬಿತ್ತು. ಕಬ್ಬಿಣದ ತಂತಿ ತೂರಿಸಬೇಡಿ, ಒಳಗಿನ ಪೈಪ್ ತೂತಾಗುತ್ತದೆ. ಮೆದು ನೈಲಾನ್ ಹುರಿ ಸಾಕು. ಇಲ್ಲಿ ನೀರು ಕಟ್ಟಿಕೊಂಡರೆ ಮೊದಲು ಕಾರ್ಪೆಟ್ ನೆನೆಯುತ್ತದೆ, ಆಮೇಲೆ ಬಾಗಿಲ ಕೆಳಗಿನ ಸಿಲ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಕಿಟಕಿಗಿಂತ ದೊಡ್ಡ ಖರ್ಚು ಅದು.

ಪ್ಯಾನಲ್ ಮೇಜಿನ ಮೇಲೆ ಬಂತು. ಈ ಕೆಲಸದ ಗುಟ್ಟು ಏನಾದರೂ ಇದ್ದರೆ ಅದು ಇಲ್ಲೇ ಇದೆ. ಹಳೆಯ ಹಾಳೆಯನ್ನು ಮೊದಲು ಕತ್ತರಿಸಿ ತೆಗೆಯಬಾರದು. ತೆಗೆದರೆ ಉಳಿಯುವುದು ಜಿಪ್ ಅಂಟಿದ ಒಂದು ಸಡಿಲ ಅಂಚುಪಟ್ಟಿ. ಅದಕ್ಕೆ ಆಕಾರವೇ ಇರುವುದಿಲ್ಲ. ಎಲ್ಲಿ ಎಷ್ಟು ಎಳೆಯಬೇಕು ಎಂದು ಗೊತ್ತಾಗದೆ, ಒಂದು ಮೂಲೆ ಬಿಗಿ ಒಂದು ಮೂಲೆ ಸಡಿಲ ಆಗಿ, ಕಾರಿಗೆ ಹಾಕಿದಾಗ ಜಿಪ್ಪೇ ಮುಚ್ಚುವುದಿಲ್ಲ. ಹಳೆಯ ಹಾಳೆ ಎಷ್ಟೇ ಹಾಳಾಗಿರಲಿ, ಪ್ಯಾನಲ್‌ನ ಆಕಾರ ಹಿಡಿದಿಟ್ಟಿರುವುದು ಅದೇ. ಹೊಸ ಹಾಳೆ ಹೊಲಿದು ಮುಗಿಯುವವರೆಗೆ ಅದು ಅಲ್ಲೇ ಇರಬೇಕು.

ಹಾಗಾಗಿ ಪ್ಯಾನಲ್ಲನ್ನು ಒಳಮೈ ಮೇಲಾಗಿ ಹಾಸಿದೆ. ಅದರ ಮೇಲೆ ಹೊಸ ಹಾಳೆ ಹಾಸಿದೆ, ನಾಲ್ಕೂ ಕಡೆ ಧಾರಾಳವಾಗಿ ಹೊರಗೆ ಬರುವಷ್ಟು ದೊಡ್ಡದು. ಹಾಳೆಯ ಮೇಲಿನ ರಕ್ಷಣೆಯ ಕಾಗದವನ್ನು ಹೊಲಿಗೆ ಬರುವ ಅಂಚಿನಲ್ಲಿ ಮಾತ್ರ ಸುಲಿದೆ, ನಡುವೆ ಹಾಗೇ ಬಿಟ್ಟೆ. ವಿನೈಲ್‌ಗೆ ಗುಂಡುಸೂಜಿ ಚುಚ್ಚುವಂತಿಲ್ಲ. ಬಟ್ಟೆಯಲ್ಲಾದರೆ ತೂತು ಮುಚ್ಚಿಕೊಳ್ಳುತ್ತದೆ, ಇದರಲ್ಲಿ ಕೊನೆವರೆಗೂ ಉಳಿಯುತ್ತದೆ. ಅದಕ್ಕೆ ಸಣ್ಣ ಅಗಲದ ಎರಡು ಬದಿ ಅಂಟುವ ಟೇಪ್ ಬಳಸಿದೆ. ನಡುಮಧ್ಯದಿಂದ ಶುರು ಮಾಡಿ ಎರಡೂ ಪಕ್ಕಕ್ಕೆ ಅಂಟಿಸುತ್ತಾ ಹೋದೆ. ಕೊಠಡಿ ಬೆಚ್ಚಗಿರಬೇಕು. ತಣ್ಣಗಿರುವ ಹಾಳೆಯನ್ನು ಹೊಲಿದರೆ ಬಿಸಿಲಿಗೆ ಹಿಗ್ಗಿ ಜೋತುಬೀಳುತ್ತದೆ.

ಹೊಲಿಗೆ ಉದ್ದ ಇರಬೇಕು, ನಾನು 5 ಮಿಲಿಮೀಟರ್ ಹತ್ತಿರ ಇಟ್ಟೆ. ತೂತುಗಳು ಒತ್ತಾಗಿ ಬಂದರೆ ಹಾಳೆ ಅದೇ ಗೆರೆಯಲ್ಲಿ ಹರಿಯುತ್ತದೆ. ಹಳೆಯ ಹೊಲಿಗೆಯ ತೂತಿನ ಮೇಲೆಯೇ ಹೋಗದೆ, ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಹೊಸ ಗೆರೆ ಹಿಡಿದೆ. ವಿನೈಲ್ ಮಷೀನಿನ ಪಾದಕ್ಕೆ ಅಂಟಿಕೊಳ್ಳುತ್ತದೆ. ಟೆಫ್ಲಾನ್ ಪಾದ ಇದ್ದರೆ ಸರಿ, ಇಲ್ಲದಿದ್ದರೆ ಕಾಗದದ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಬಹುದು. ಮೂಲೆಗಳಲ್ಲಿ ಮೋಟಾರ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ಸೂಜಿ ಒಳಗಿರುವಾಗ ಪಾದ ಎತ್ತಿ, ಪ್ಯಾನಲ್ ತುಸು ತಿರುಗಿಸಿ, ಮತ್ತೆ ಒಂದು ಹೊಲಿಗೆ. ಬೇಜಾರಿನ ಕೆಲಸ. ಆದರೆ ಜೊತೆಗೆ ಇನ್ನೊಬ್ಬರು ಪ್ಯಾನಲ್‌ನ ಭಾರ ಹಿಡಿದು ನಿಂತರೆ ಅರ್ಧ ಕಷ್ಟ ಕಡಿಮೆ.

ಕತ್ತರಿ ಕೈಗೆ ಬಂದಿದ್ದು ಈಗ. ಪ್ಯಾನಲ್ ತಿರುಗಿಸಿದರೆ ಹೊರಮೈಯಲ್ಲಿ ಹಳೆಯ ಹಾಳೆ, ಅದರ ಹಿಂದೆ ಹೊಸದು. ಹಳೆಯದರ ನಡುವೆ ಸಣ್ಣ ಸೀಳು ಮಾಡಿ, ಎರಡರ ಮಧ್ಯೆ ತೆಳು ರಟ್ಟು ತೂರಿಸಿದೆ. ರಟ್ಟನ್ನು ಮುಂದೆ ಸರಿಸುತ್ತಾ, ಅದರ ಮೇಲೆಯೇ ಕತ್ತರಿ ಓಡಿಸಿ, ಅಂಚುಪಟ್ಟಿಯ ಪಕ್ಕದವರೆಗೆ ಹಳೆಯದನ್ನು ತೆಗೆದೆ. ಅಂಚಿನ ಅಡಿಯಲ್ಲಿ ಉಳಿದ ಹಳೆಯ ಪಟ್ಟಿಯನ್ನು ಕೀಳಬೇಕಾಗಿಲ್ಲ. ಅದು ಅಲ್ಲೇ ಇದ್ದು ಹೊಲಿಗೆಗೆ ಬಲ ಕೊಡುತ್ತದೆ. ಒಳಗಡೆ ಹೆಚ್ಚಾದ ಹೊಸ ಹಾಳೆಯನ್ನು ಹೊಲಿಗೆಯಿಂದ ಒಂದು ಬೆರಳಗಲ ಬಿಟ್ಟು ಕತ್ತರಿಸಿದೆ. ಹೊಲಿಗೆಯ ಮೇಲೆ ಹೊರಗಿನಿಂದ ಸೀಮ್ ಸೀಲರ್ ಹಚ್ಚಿ ಒಣಗಲು ಬಿಟ್ಟೆ. ಪಾಲಿಯೆಸ್ಟರ್ ದಾರ ನೀರಿಗೆ ಉಬ್ಬಿ ತೂತು ಮುಚ್ಚುವ ಜಾತಿಯದ್ದಲ್ಲ.

ಮತ್ತೆ ಕೂರಿಸುವುದು ಬೇಗ ಆಯಿತು. ಕೆಳಗಿನ ಅಂಚನ್ನು ಮೊದಲು ಬೋಲ್ಟ್‌ಗಳಿಗೆ ಸಿಕ್ಕಿಸಿ, ನಡುವಿನ ನಟ್‌ನಿಂದ ಪಕ್ಕಕ್ಕೆ ಹೋಗುತ್ತಾ ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಬಿಟ್ಟೆ. ಜಿಪ್ಪಿಗೆ ಮೇಣದ ಬತ್ತಿ ಉಜ್ಜಿ, ಲ್ಯಾಚ್ ಬಿಚ್ಚಿರುವಾಗಲೇ ಪೂರ್ತಿ ಎಳೆದೆ. ಟೇಪಿನ ಗೆರೆಗಳು ಎದುರುಬದುರು ಬಂದವು. ಆಮೇಲೆ ಲ್ಯಾಚ್ ಹಾಕಿ, ಕೊನೆಗೆ ನಟ್ ಬಿಗಿ ಮಾಡಿದೆ. ಜಾಸ್ತಿ ಬಿಗಿ ಬೇಡ, ಕೆಳಗಿರುವುದು ಹಳೆಯ ಪ್ಲಾಸ್ಟಿಕ್. ಮೂಲೆಯಲ್ಲಿ ಸಣ್ಣ ಸುಕ್ಕು ಉಳಿದಿತ್ತು. ಕಾರನ್ನು ಬಿಸಿಲಲ್ಲಿ ಟಾಪ್ ಏರಿಸಿ ನಿಲ್ಲಿಸಿದೆ, ತಾನಾಗಿ ಹೋಯಿತು. ಹೀಟ್ ಗನ್ ಹಿಡಿಯುವ ಆಸೆ ಬರುತ್ತದೆ, ಬೇಡ. ಒಂದು ಕ್ಷಣ ಜಾಸ್ತಿಯಾದರೆ ಹಾಳೆಯಲ್ಲಿ ಗುಳಿ ಬೀಳುತ್ತದೆ.

ನೀರಿನ ಪರೀಕ್ಷೆಗೆ ಪೈಪಿನಿಂದ ಮೇಲಿಂದ ಮಳೆಯ ಹಾಗೆ ಬಿಟ್ಟೆ. ಒಳಗೆ ಕೂತವರು ಟಾರ್ಚ್ ಹಿಡಿದು ಹೊಲಿಗೆ ನೋಡುತ್ತಾ ಹೋಗಬೇಕು. ಪ್ರೆಷರ್ ವಾಷರ್ ಬಳಸಿದರೆ ಸರಿಯಾದ ಟಾಪ್ ಕೂಡ ಸೋರುತ್ತದೆ, ಅದು ಪರೀಕ್ಷೆಯಲ್ಲ. ಜಿಪ್ಪಿನ ಎರಡು ತುದಿಗಳಲ್ಲಿ ಒಂದೆರಡು ಹನಿ ಬಂದರೆ ಗಾಬರಿ ಬೇಡ, ಅದು ರೇನ್ ರೇಲ್‌ಗೇ ಇಳಿಯುತ್ತದೆ.

ಈಗ ಒರೆಸುವ ಮುಂಚೆ ನೀರು ಸುರಿದು ಧೂಳು ತೆಗೆಯುತ್ತೇನೆ, ಆಮೇಲೆ ಮೆದು ಹತ್ತಿ ಬಟ್ಟೆ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ, ಥಿನ್ನರ್, ಪೆಟ್ರೋಲ್ ಯಾವುದೂ ಹತ್ತಿರ ಬರಬಾರದು. ಟಾಪ್ ಇಳಿಸುವ ಮುಂಚೆ ಪ್ರತಿ ಸಲ ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆ ಮಲಗಿಸಿ, ಮೇಲೊಂದು ಟವೆಲ್ ಹಾಕುತ್ತೇನೆ. ಪೋರ್ಷೆ ಬಾಕ್ಸ್‌ಸ್ಟರ್‌ನ ಮೊದಲ ತಲೆಮಾರಿನಲ್ಲೂ 2002ರವರೆಗೆ ಪ್ಲಾಸ್ಟಿಕ್ ಕಿಟಕಿಯೇ ಇತ್ತು. ಅದಕ್ಕೆ ಜಿಪ್ ಇಲ್ಲದ ಕಾರಣ ಮಾಲೀಕರು ಟಾಪ್ ಅರ್ಧ ಇಳಿದಾಗ ನಿಲ್ಲಿಸಿ, ಇಳಿದು ಬಂದು, ಅಂಗೈ ಅಂಚಿನಿಂದ ಕಿಟಕಿಯ ನಡುವೆ ಒಂದು ಏಟು ಕೊಟ್ಟು ಮಡಿಕೆ ಸರಿ ಮಾಡುತ್ತಾರೆ. ಅಷ್ಟು ದುಡ್ಡಿನ ಕಾರಿಗೆ ಕರಾಟೆ! ನಮ್ಮ ಜಿಪ್ಪೇ ವಾಸಿ.

ಚಳಿಯಲ್ಲಿ ಮಾತ್ರ ಜಿಪ್ ಇದ್ದರೂ ಎಚ್ಚರ ಬೇಕು. ಪಿವಿಸಿ ತಣ್ಣಗಾದರೆ ಬಾಗುವ ಬದಲು ಒಡೆಯುತ್ತದೆ. ಬೆಳಿಗ್ಗೆ ಟಾಪ್ ಇಳಿಸಲೇಬೇಕು ಅನ್ನಿಸಿದರೆ, ಮೊದಲು ಟಾಪ್ ಹಾಕಿಕೊಂಡೇ ಹೀಟರ್ ಹಚ್ಚಿ ಸ್ವಲ್ಪ ದೂರ ಓಡಿಸುತ್ತೇನೆ. ಕಿಟಕಿ ಮುಟ್ಟಿದರೆ ಬೆಚ್ಚಗೆ, ಮೆತ್ತಗೆ ಇರಬೇಕು. ಆಮೇಲೆ ಜಿಪ್.