ಮಾಡೆಲ್ ವಿಮಾನದ ಪ್ರೊಪೆಲ್ಲರ್ ನಡುಕ ನಿಂತದ್ದು ಹೀಗೆ

ಕಲಬುರಗಿಯಲ್ಲಿ ಹಾರಿಸುವ ನನ್ನ ಟ್ರೇನರ್ ವಿಮಾನಕ್ಕೆ 10 ಇಂಚಿನ ನೈಲಾನ್ ಪ್ರೊಪೆಲ್ಲರ್. ಅರ್ಧ ಥ್ರಾಟಲ್ ದಾಟಿದರೆ ಮೂತಿ ನಡುಗುತ್ತಿತ್ತು, ಮೋಟರ್ ಮೌಂಟಿನ ಸ್ಕ್ರೂಗಳು ಸಡಿಲಾಗುತ್ತಿದ್ದವು.

ಪ್ರೊಪೆಲ್ಲರಿನ ಎರಡು ರೆಕ್ಕೆಗಳ ತೂಕ ಸಮ ಇದೆಯೇ ನೋಡಲು ಅದರ ನಡುವಿನ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ತೂಗಿದೆ. ಘರ್ಷಣೆಯಲ್ಲಿ ಸಣ್ಣ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಬೇರಿಂಗ್ ಸ್ಟ್ಯಾಂಡ್ ತಂದೆ. ಗ್ರೀಸಿಗೆ ಬಿಗಿಯಾಗಿ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿತ್ತು.

ಕೆಲಸಕ್ಕೆ ಬಂದದ್ದು ಅಯಸ್ಕಾಂತದ ಬ್ಯಾಲೆನ್ಸರ್. ಪ್ರೊಪೆಲ್ಲರ್ ಕೂರಿಸುವ ಕಡ್ಡಿ, ಅಂದರೆ ಶಾಫ್ಟಿನ ಒಂದೇ ತುದಿ ಅಯಸ್ಕಾಂತಕ್ಕೆ ತಾಗಿರುತ್ತದೆ, ಇನ್ನೊಂದು ಗಾಳಿಯಲ್ಲೇ ನಿಲ್ಲುತ್ತದೆ. ಅದನ್ನು ಸಮವಾದ ಶಹಾಬಾದ್ ಕಲ್ಲಿನ ಮೇಲಿಟ್ಟು ಫ್ಯಾನ್, ಕೂಲರ್ ಎರಡೂ ಬಂದ್ ಮಾಡಿ. ನಮ್ಮ ಬೇಸಿಗೆಯಲ್ಲಿ ಕಷ್ಟ, ಆದರೆ ಸ್ವಲ್ಪ ಗಾಳಿ ಬಿದ್ದರೂ ಲೆಕ್ಕ ತಪ್ಪುತ್ತದೆ.

ಮೊದಲು ಬರೀ ಶಾಫ್ಟ್, ಅದರ ಮೇಲೆ ಪ್ರೊಪೆಲ್ಲರನ್ನು ನಡುವಿಗೆ ಹಿಡಿಯುವ ಕೋನ್ ತಿರುಗಿಸಿ. ಒಂದೇ ಜಾಗಕ್ಕೆ ಬಂದು ನಿಂತರೆ ದೋಷ ಉಪಕರಣದ್ದು. ಆಮೇಲೆ ಪ್ರೊಪೆಲ್ಲರ್ ಬಿಗಿದು ಅಡ್ಡಲಾಗಿ ಬಿಡಿ. ಕೆಳಗಿಳಿಯುವ ರೆಕ್ಕೆ ಭಾರ. ಅದರ ಹಿಂಬದಿಯನ್ನು, ತುದಿಯ ಹತ್ತಿರ, 400 ನಂಬರಿನ ಮರಳು ಕಾಗದದಿಂದ ನಾಲ್ಕೈದು ಸಲ ಉಜ್ಜಿ ಮತ್ತೆ ನೋಡಿ. ಗಾಳಿ ಸೀಳುವ ಮುಂಚೂಣಿ ಅಂಚು ಮುಟ್ಟಬೇಡಿ. ಬಳಿಕ ಕೋನ್ ಸಡಿಲಿಸಿ, ಶಾಫ್ಟ್ ಹಾಗೇ ಇಟ್ಟು, ಪ್ರೊಪೆಲ್ಲರ್ ಮಾತ್ರ 180 ಡಿಗ್ರಿ ತಿರುಗಿಸಿ ಮತ್ತೆ ಬಿಗಿಯಿರಿ. ಈಗ ಇನ್ನೊಂದು ರೆಕ್ಕೆ ಇಳಿದರೆ ಕೋನ್ ಸರಿಯಾಗಿ ಕೂತಿಲ್ಲ. ನಾನು ಮೊದಲು ಮಾಡದೆ ಬಿಟ್ಟಿದ್ದು ಇದನ್ನೇ.

ಇಷ್ಟಾದರೂ ನಡುಕ ಉಳಿದಿತ್ತು, ಕಾರಣ ಹಬ್, ಅಂದರೆ ರೆಕ್ಕೆಗಳು ಸೇರುವ ನಡುಭಾಗ. ಪ್ರೊಪೆಲ್ಲರ್ ನೆಟ್ಟಗೆ ನಿಲ್ಲಿಸಿದಾಗ ಎಡಕ್ಕೇ ವಾಲುತ್ತಿತ್ತು, ತಲೆಕೆಳಗು ಮಾಡಿದರೆ ಬಲಕ್ಕೆ. ಅಂದರೆ ಹಬ್ಬಿನ ಒಂದು ಮಗ್ಗುಲು ಭಾರ. ಎದುರು ಮಗ್ಗುಲಿನ ಒಳಗುಳಿಗೆ ಸೂಪರ್ ಗ್ಲೂ ಒಂದು ಹನಿ ಹಾಕಿ, ಪೂರ್ತಿ ಒಣಗಿದ ಮೇಲೆ ನೋಡಿದೆ. ಎರಡನೇ ಹನಿಗೆ ಅಡ್ಡ, ನೆಟ್ಟಗೆ, ಓರೆ, ಎಲ್ಲಿ ಬಿಟ್ಟರೂ ಅಲ್ಲೇ ನಿಂತಿತು. ಬಿರುಕು ಬಿಟ್ಟ ಪ್ರೊಪೆಲ್ಲರ್‌ಗೆ ಇದನ್ನು ಮಾಡಬೇಡಿ, ಬಿಸಾಡಿ.